ಎರಡು ರಟ್ಟಿನ ಕಾಲು

ಕಾಲಚ್ಚಿನ ಯಜಮಾನರು ತೀರಿಕೊಂಡ ದಿನ ಅವರ ಹೆಂಡತಿ ಒಂದು ಕೆಲಸ ಮಾಡಿದಳು. ಅದು ತಪ್ಪೆಂದು ಆಗ ಯಾರಿಗೂ ಹೊಳೆಯಲಿಲ್ಲ. ಅಟ್ಟದ ಮೇಲಿದ್ದ ತನ್ನ ಎಡಗಾಲಿನ ಅಚ್ಚನ್ನು ಇಳಿಸಿ, ಧೂಳು ಒರೆಸಿ, ಹಳೆಯ ಶಾಲಿನಲ್ಲಿ ಸುತ್ತಿ, ಗಂಡನ ಪಕ್ಕದಲ್ಲಿಟ್ಟು ಮಣ್ಣಿಗೆ ಕಳಿಸಿಬಿಟ್ಟಳು. "ಅವರು ಮಾಡಿದ್ದು, ಅವರ ಜೊತೆಗೇ ಹೋಗ್ಲಿ" ಎಂದಳು. ನೆರೆದವರು ಕಣ್ಣೊರೆಸಿಕೊಂಡರು. ಮುಂದೆ ಈಕೆಗೆ ಬೂಟು ಬೇಕಾದಾಗ ಏನು ಗತಿ ಎಂದು ಕೇಳುವ ಮನಸ್ಸು ಆ ಹೊತ್ತಿನಲ್ಲಿ ಯಾರಿಗಿದ್ದೀತು?

ಕಾಲಚ್ಚು ಎಂದರೆ ಮರದಲ್ಲಿ ಕೆತ್ತಿದ ಕಾಲು. ಅದರ ಮೇಲೆ ಚರ್ಮ ಎಳೆದು, ಮೊಳೆ ಹೊಡೆದು, ಹೊಲಿದು, ಕೊನೆಗೆ ಮರವನ್ನು ಹೊರಗೆ ತೆಗೆದರೆ ಬೂಟು. ಎಲ್ಲರ ಕಾಲೂ ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ಅಂಗಡಿಯ ಬೂಟಿನಲ್ಲಿ ಎಲ್ಲರ ಕಾಲ ನಡೆದುಹೋಗುತ್ತದೆ. ಆಕೆಯ ಎಡಗಾಲು ಹಾಗಿರಲಿಲ್ಲ. ಹುಟ್ಟುವಾಗಲೇ ಒಳಕ್ಕೆ ಮಗುಚಿಕೊಂಡಿತ್ತು. ಹಿಮ್ಮಡಿ ಎಳೆಮಗುವಿನದರಷ್ಟು. ಹೊರಗಿನ ಅಂಚಿನಲ್ಲಿ ಗೋಲಿಯಷ್ಟು ಒಂದು ಎಲುಬು ಎದ್ದು ನಿಂತಿತ್ತು. ಬೆರಳುಗಳು ಚಳಿಗೆ ಮುದುಡಿದ ಹಕ್ಕಿಗಳ ಹಾಗೆ ಒಂದರ ಮೇಲೊಂದು ಕುಳಿತಿದ್ದವು. ಶಾಲೆಯಲ್ಲಿ ಮಕ್ಕಳು ಆಕೆಯ ನಡಿಗೆಯನ್ನು ಅಣಕಿಸಿ ಸಾಲಾಗಿ ಹಿಂದೆ ಬರುತ್ತಿದ್ದರು. ಅಂದಿನಿಂದ ಆಕೆ ದಪ್ಪ ಕಾಲುಚೀಲ ಹಾಕಿದವಳು ಯಾರೆದುರಿಗೂ ಅದನ್ನು ತೆಗೆದವಳಲ್ಲ. ಜ್ವರ ಬಂದು ಆಸ್ಪತ್ರೆ ಸೇರಿದಾಗಲೂ ತೆಗೆಯಲಿಲ್ಲ. ಹೆತ್ತ ತಾಯಿ ನೋಡಿದ್ದಳು. ಆಮೇಲೆ ಗಂಡ.

ಗಂಡ ಕೂಡ ನೋಡಿದ್ದು ಮದುವೆಯಾದ ಮೇಲೆಯೇ. ಮೊದಲ ಸಲ ತಾಯಿ ಆಕೆಯನ್ನು ಬೂಟಿಗೆಂದು ಅವರ ಅಂಗಡಿಗೆ ಕರೆದುಕೊಂಡು ಹೋದಾಗ ಅವರಿಗೆ ಇಪ್ಪತ್ತಮೂರು ವರ್ಷ. ಹುಡುಗಿ ಕಾಲು ಚಾಚಲು ಒಲ್ಲೆನೆಂದು ಗೋಡೆಗೆ ಆತುಕೊಂಡಿದ್ದಳು. ಅವರು ಏನೂ ಹೇಳದೆ ಕಿಟಕಿಯ ಕಡೆ ಮುಖ ತಿರುಗಿಸಿ ಕೈ ಚಾಚಿದರು. ಕಾಲು ಅವರ ಅಂಗೈಯಲ್ಲಿ ಇದ್ದಷ್ಟು ಹೊತ್ತೂ ಅವರ ಕಣ್ಣು ಎದುರುಮನೆಯ ಮಾಡಿನ ಮೇಲಿನ ಪಾರಿವಾಳಗಳ ಮೇಲಿತ್ತು. ಆ ಬೂಟು ಮುಗಿಯುವುದರೊಳಗೆ ಮದುವೆಯ ಮಾತು ಮುಗಿದಿತ್ತು. ಮಕ್ಕಳಾಗಲಿಲ್ಲ. ನಲವತ್ತಾರು ವರ್ಷ ಇಬ್ಬರೂ ಬಾಳಿದರು.

ಈಗ ಅವರು ಹೋಗಿ ನಾಲ್ಕು ವರ್ಷ. ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಒಂದಿಷ್ಟು ನಿದ್ದೆ, ವಾರಕ್ಕೊಮ್ಮೆ ಏರುಬೀದಿ ಹತ್ತಿ ಅವರ ಸಮಾಧಿಯ ಬಳಿ ಒಂದು ಗಳಿಗೆ ಕುಳಿತು ಬರುವುದು, ಇಷ್ಟೇ ಆಕೆಯ ಬದುಕು. ಬಾಗಿಲಿಗೆ ಚಿಲಕ ಹಾಕುವ ಕೆಲಸ ಗಂಡನದಾಗಿತ್ತು. ಇಂದಿಗೂ ಆಕೆಗೆ ಅದು ಮರೆತುಹೋಗುತ್ತದೆ. ಅವರು ಮಾಡಿಟ್ಟುಹೋದ ಎರಡು ಜೊತೆ ಬೂಟುಗಳಲ್ಲಿ ಒಂದು ಸವೆಯಿತು, ಇನ್ನೊಂದೂ ಸವೆಯಿತು. ಅವರ ಪಕ್ಕದಲ್ಲೇ ಕುಳಿತು ಮೂವತ್ತು ವರ್ಷ ಬೂಟು ಹೊಲಿದವನೊಬ್ಬನಿದ್ದ. ಬಾಯಿ ಮುಚ್ಚಿದ್ದೇ ಇಲ್ಲವೆಂದು ಯಜಮಾನರು ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದರು. ಬೀದಿಯೆಲ್ಲ ಹಾಗೆಯೇ ಕರೆಯುತ್ತಿತ್ತು.

"ಅತ್ತಿಗೆ, ತೇಪೆಗೆಲ್ಲ ತೇಪೆ ಹಾಕಿ ಆಯ್ತು," ಎಂದ ಮೌನಿ. "ಈಗ ಇದರಲ್ಲಿ ಬೂಟು ಯಾವುದು, ತೇಪೆ ಯಾವುದು ಅಂತ ಅದಕ್ಕೇ ಗೊತ್ತಿಲ್ಲ. ಹೊಸದು ಹೊಲೀತೀನಿ, ಅಚ್ಚು ಕೊಡಿ."

"ಅಚ್ಚು ಇಲ್ಲ ಅಂತ ನಿನಗೆ ಗೊತ್ತು."

"ಗೊತ್ತು. ಆದರೂ ಬಾಯಿಗೆ ಬಂದುಬಿಡುತ್ತೆ."

ಒಂದು ಬೆಳಿಗ್ಗೆ ಮೆಟ್ಟಿಲಿನ ಮೇಲೆ ಬೂಟಿನ ಅಟ್ಟೆ ಎರಡಾಗಿ ಮುರಿಯಿತು. ಅಂದಿನಿಂದ ಆಕೆ ಗೋಡೆ ಹಿಡಿದು ನಡೆಯತೊಡಗಿದಳು. ನಾದಿನಿ ಬಂದು, "ನಮ್ಮನೇಲಿ ಕೆಳಗಡೆ ರೂಮು ಖಾಲಿ ಇದೆ, ಮಂಚದ ಪಕ್ಕದಲ್ಲೇ ಎಲ್ಲಾ ಅನುಕೂಲ ಮಾಡಿಕೊಡ್ತೀನಿ, ಬಂದುಬಿಡು" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಂಚಕ್ಕೆ ಹೋದವಳು ಮತ್ತೆ ಏರುಬೀದಿ ಹತ್ತುವುದಿಲ್ಲ ಎಂದು ಆಕೆಗೆ ತಿಳಿದಿತ್ತು. ಸಮಾಧಿಗೆ ಹೋಗದೆ ಆಗಲೇ ಏಳು ವಾರ. ದೇವರೇ, ನೀನು ಕೊಟ್ಟಿದ್ದನ್ನು ತೆಗೆದುಕೊಂಡೆ, ನಾನು ಲೆಕ್ಕ ಕೇಳಲಿಲ್ಲ. ಅಷ್ಟು ದೂರದ ದಾರಿಯೊಂದನ್ನು ನನಗೆ ಬಿಟ್ಟುಕೊಡು ಎಂದು ದಿನಾ ಬೇಡಿಕೊಂಡಳು.

ಗಂಡ ಸಾಮಾನಿಡುತ್ತಿದ್ದ ಗೋಡೆಯ ಗೂಡಿನಲ್ಲಿ ಹುಡುಕಿದಾಗ ಎರಡು ರಟ್ಟುಗಳು ಸಿಕ್ಕವು. ಒಂದರಲ್ಲಿ ಕಾಲನ್ನು ಪಕ್ಕದಿಂದ ನೋಡಿದ ಆಕಾರ, ಇನ್ನೊಂದರಲ್ಲಿ ಮೇಲಿನಿಂದ ನೋಡಿದ ಆಕಾರ. ಅಂಚುಗಳು ಅವರ ಬೆರಳಿನ ಎಣ್ಣೆಯಿಂದ ಕಪ್ಪಾಗಿದ್ದವು. ಆಕೆ ಅವನ್ನು ದಿಂಬಿನ ಚೀಲದಲ್ಲಿಟ್ಟುಕೊಂಡು, ಬಾಡಿಗೆ ಕಾರು ಹಿಡಿದು, ನಾದಿನಿಯ ಮಗಳು ಕೆಲಸ ಮಾಡುವಲ್ಲಿಗೆ ಹೋದಳು. ಅದು ಯಂತ್ರದ ಬಿಡಿಭಾಗಗಳಿಗೆ ಅಚ್ಚು ಮಾಡುವ ಕಾರ್ಖಾನೆ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು ಅವಳ ಕೆಲಸ. ಚಿಕ್ಕಂದಿನಿಂದ ಮಾತು ಖಾರವಾದ್ದರಿಂದ ಮನೆಯಲ್ಲಿ ಅವಳಿಗೆ ಮೆಣಸು ಎಂದೇ ಹೆಸರು.

"ಆ ಕುರ್ಚಿ ಬೇಡ ಅತ್ತೆ, ಅದು ತಿರುಗುತ್ತೆ. ನಮ್ಮ ಮ್ಯಾನೇಜರ್ ಎರಡು ಸಲ ಬಿದ್ದಿದ್ದಾರೆ," ಎಂದು ಮೆಣಸು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರಿಸಿದಳು. ಗಾಜಿನ ಆಚೆ ಯಂತ್ರವೊಂದು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಕಿಟಕಿಯ ಸಂದಿನಲ್ಲೆಲ್ಲ ಬಿಳಿ ಪುಡಿ.

ರಟ್ಟುಗಳನ್ನು ಕೈಗೆ ತೆಗೆದುಕೊಂಡು ಮೆಣಸು ಬೆಳಕಿಗೆ ಹಿಡಿದಳು. "ಮಾವನ ಅಕ್ಷರ," ಎಂದಳು. ಪೆನ್ಸಿಲಿನಲ್ಲಿ "ಎಡ" ಎಂದು ಬರೆದಿತ್ತು. ಎರಡರಲ್ಲೂ ಹಿಮ್ಮಡಿಯ ಹತ್ತಿರ ಒಂದು, ಬೆರಳುಗಳ ಬುಡದ ಹತ್ತಿರ ಒಂದು ಸೂಜಿಯ ತೂತು. "ಎಷ್ಟು ಚೆನ್ನಾಗಿದೆ ನೋಡಿ. ಈ ತೂತನ್ನ ಆ ತೂತಿಗೆ ಕೂಡಿಸಿದ್ರೆ ಎರಡೂ ಚಿತ್ರ ಒಂದೇ ಸಾಲಿಗೆ ಬರುತ್ತೆ."

ಅವಳು ರಟ್ಟುಗಳ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅಂಚಿನ ಗೆರೆಯ ಮೇಲೆ ಗೆರೆ ಎಳೆದು, ಪಕ್ಕದ ಆಕಾರವನ್ನು ಅಡ್ಡಕ್ಕೆ ಉದ್ದಮಾಡಿದಳು. ತೆರೆಯ ಮೇಲೆ ಅದು ಕಾಲಿನಾಕಾರದಲ್ಲಿ ಕತ್ತರಿಸಿದ ಗಟ್ಟಿ ಹಲಗೆಯಂತೆ ಬೆಳೆಯಿತು. ಆಮೇಲೆ ಮೇಲಿನ ಆಕಾರವನ್ನು ಕೆಳಮುಖವಾಗಿ ಉದ್ದಮಾಡಿದಳು. ಎರಡು ದಿಮ್ಮಿಗಳು ಒಂದರೊಳಗೊಂದು ಹೊಕ್ಕು ನಿಂತವು.

"ಈಗ ಎರಡಕ್ಕೂ ಸೇರಿದ ಜಾಗ ಮಾತ್ರ ಇಟ್ಕೊಂಡು ಮಿಕ್ಕಿದ್ದನ್ನ ಅಳಿಸು ಅಂತ ಹೇಳ್ತೀನಿ," ಎಂದು ಮೆಣಸು ಒಂದು ಗುಂಡಿ ಒತ್ತಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಲಗೆಗಳು ಮಾಯವಾಗಿ ನಡುವೆ ಒಂದು ಕಾಲು ಉಳಿಯಿತು.

ಆಕೆ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಇದು ಬಲಗಾಲು ಕಣೇ."

ಮೆಣಸು ತೆರೆಯನ್ನೂ ರಟ್ಟನ್ನೂ ನೋಡಿ ಹಣೆ ಚಚ್ಚಿಕೊಂಡಳು. "ಮೇಲಿನ ರಟ್ಟನ್ನ ಮಗುಚಿ ಹಾಕಿದೀನಿ. ಆರು ವರ್ಷದಿಂದ ಈ ಕೆಲಸ ಮಾಡ್ತಿದೀನಿ ಅತ್ತೆ, ಯಾರಿಗೂ ಹೇಳಬೇಡಿ."

ರಟ್ಟನ್ನು ತಿರುಗಿಸಿ ಹಾಕಿದ ಮೇಲೆ ಎಡಗಾಲು ಬಂತು. ಪಕ್ಕದಿಂದ ನೋಡಿದರೆ ಯಜಮಾನರು ಎಳೆದ ಗೆರೆಯೇ. ಮೇಲಿನಿಂದ ನೋಡಿದರೂ ಅದೇ. ಆಕೆ ಬೆಂಚಿನಿಂದ ಮುಂದಕ್ಕೆ ಬಾಗಿದಳು. ಅಷ್ಟರಲ್ಲಿ ಮೆಣಸು ಅದನ್ನು ಓರೆಯಾಗಿ ತಿರುಗಿಸಿದಳು. ಕಾಲು ಹೋಗಿ ಒಂದು ಪೆಟ್ಟಿಗೆಯಾಯಿತು. ಮೇಲ್ಭಾಗವು ಬದಿಯನ್ನು ಸೇರುವಲ್ಲಿ ಮೇಜಿನ ಅಂಚಿನಂಥ ಚೂಪು ಮೂಲೆಗಳು.

"ಇದು ಇಷ್ಟೇ ಕೊಡೋದು," ಎಂದಳು ಮೆಣಸು. "ಪಕ್ಕದಿಂದ ಹೇಗಿದೆ ಅಂತ ಗೊತ್ತು, ಮೇಲಿಂದ ಹೇಗಿದೆ ಅಂತ ಗೊತ್ತು. ಎದುರಿಂದ ಹೇಗಿದೆ ಅಂತ ಇದಕ್ಕೆ ಯಾರೂ ಹೇಳಿಲ್ಲ. ಅಲ್ಲಿ ಎಷ್ಟು ಮರ ತೆಗೀಬೇಕು ಅಂತ ಗೊತ್ತಾಗಬೇಕಾದ್ರೆ ಅಡ್ಡಕೊಯ್ತ ಬೇಕು, ಅಂದ್ರೆ ಕಾಲನ್ನ ಅಡ್ಡಕ್ಕೆ ಕೊಯ್ದ್ರೆ ಕಾಣೋ ಆಕಾರ. ಇನ್ನೊಂದು ರಟ್ಟು ಇರಲಿಲ್ವಾ?"

"ಇಲ್ಲ. ನಿಮ್ಮ ಮಾವ ಅಷ್ಟು ವರ್ಷ ಈ ಎರಡರಿಂದಲೇ ಮಾಡಿದ್ರು."

"ಹಾಗಾದ್ರೆ ಒಂದು ಸಲ ಕಾಲು ತೋರಿಸಿ. ಹತ್ತು ನಿಮಿಷ, ಅಷ್ಟೇ."

ಆಕೆಗೆ ತಿಳಿಯುವ ಮೊದಲೇ ಎಡಗಾಲು ಬೆಂಚಿನ ಕೆಳಗೆ ಸರಿಯಿತು. "ಅವರಿಗೆ ಎರಡು ಸಾಕಾಗಿತ್ತು," ಎಂದಳು. "ನಿನ್ನ ಇಷ್ಟು ದೊಡ್ಡ ಯಂತ್ರಕ್ಕೆ ಸಾಲದಾ?"

ಮೆಣಸಿನ ನಾಲಿಗೆಯ ತುದಿಗೆ ಏನೋ ಬಂದಿತ್ತು. ಅತ್ತೆಯ ಮುಖ ನೋಡಿ ನುಂಗಿಕೊಂಡಳು. ತನ್ನ ಅಂದಾಜಿನಲ್ಲೇ ಮೂಲೆಗಳನ್ನು ದುಂಡಗೆ ಮಾಡಿದಳು. ಸಾಮಾನ್ಯ ಕಾಲಿಗೆ ಹೇಗಿರುತ್ತದೋ ಹಾಗೆ, ಎರಡೂ ಬದಿಗೆ ಒಂದೇ ಸಮನಾಗಿ. ಯಂತ್ರ ಅದನ್ನು ಮರದಲ್ಲಿ ಕೆತ್ತಿಕೊಟ್ಟಿತು. ಮೌನಿ ಹದಿನೈದು ದಿನದಲ್ಲಿ ಬೂಟು ಹೊಲಿದ. ನೋಡುವುದಕ್ಕೆ ಯಾರೂ ತಪ್ಪು ಹುಡುಕುವಂತಿರಲಿಲ್ಲ.

ಮೊದಲ ದಿನ ಆಕೆ ಮನೆಯೊಳಗೆ ನಡೆದಳು. ಎರಡನೆಯ ದಿನ ಮೆಟ್ಟಿಲು ಇಳಿದು ಹತ್ತಿದಳು. ಕಾಲು ಸುಡುತ್ತಿತ್ತು, ಹೊಸ ಬೂಟಲ್ಲವೇ, ಒಗ್ಗಬೇಕು ಎಂದುಕೊಂಡಳು. ಮೂರನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಏರುಬೀದಿಯ ಕಡೆ ಹೊರಟಳು. ಔಷಧಿ ಅಂಗಡಿಯವರೆಗೆ ಹೋದಳು. ಅಂಗಡಿಯ ಮೆಟ್ಟಿಲಿನ ಮೇಲೆ ಸ್ವಲ್ಪ ಕೂತೇನು ಎಂದು ಕೂತವಳು ಮತ್ತೆ ಏಳಲಾರದೆ ಹೋದಳು. ಹಾದುಹೋಗುವವರು ನೋಡುತ್ತಾರೆಂದು ಕೈಚೀಲದಲ್ಲಿ ಏನನ್ನೋ ಹುಡುಕುವವಳಂತೆ ಅರ್ಧ ಗಂಟೆ ಕಳೆದಳು. ಸೈಕಲ್ ತಳ್ಳಿಕೊಂಡು ಬಂದ ಮೌನಿಯ ಕಣ್ಣಿಗೆ ಬೀಳದಿದ್ದರೆ ಎಷ್ಟು ಹೊತ್ತು ಹುಡುಕುತ್ತಿದ್ದಳೋ.

"ಚೀಲದಲ್ಲಿ ಏನು ಕಳೆದುಹೋಯ್ತು ಅತ್ತಿಗೆ, ಆನೆಯಾ?"

ಆಕೆ ನಗಲಿಲ್ಲ. ಅವನು ಕೈಕೊಟ್ಟು ಎಬ್ಬಿಸಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತನ್ನ ಅಂಗಡಿಗೆ ತಂದ. ಚರ್ಮದ, ಗೋಂದಿನ ವಾಸನೆಯ ನಡುವೆ ಯಜಮಾನರ ಮಣೆ ಹಾಗೆಯೇ ಖಾಲಿ ಇತ್ತು. ಬೂಟು ಬಿಚ್ಚಿದಾಗ ಕಾಲುಚೀಲದ ಮೇಲೆ ಎರಡು ಕಡೆ ರಕ್ತ ಕಾಣಿಸಿತು. ಮೌನಿ ಅತ್ತ ನೋಡದೆ ಬೂಟಿನೊಳಗೆ ಕೈಹಾಕಿ ಕಣ್ಣುಮುಚ್ಚಿ ತಡವಿದ.

"ಇಲ್ಲಿ ಬೇಡದ ಜಾಗದಲ್ಲಿ ಟೊಳ್ಳು, ಇಲ್ಲಿ ಟೊಳ್ಳು ಬೇಕಾದ ಕಡೆ ಗೋಡೆ," ಎಂದ. "ಆ ಹುಡುಗಿದು ತಪ್ಪಲ್ಲ. ಎರಡು ರಟ್ಟಿನಿಂದ ಇಷ್ಟಾಗಿದ್ದೇ ಹೆಚ್ಚು."

"ಅವರು ಎರಡರಿಂದಲೇ ಮಾಡ್ತಿರಲಿಲ್ವಾ?"

"ಅಣ್ಣ ಎಲ್ಲಿ ಮಾಡ್ತಿದ್ದ? ಆ ರಟ್ಟು ದಿಮ್ಮಿಗೆ ಗುರುತು ಹಾಕೋವರೆಗೆ ಮಾತ್ರ. ಆಮೇಲೆ, ಮೊಳೆ ಹೊಡೆದು ಸವೆದ ನಿಮ್ಮ ಅಚ್ಚನ್ನ ಹೊಸದಾಗಿ ಕೆತ್ತೋ ದಿನ ಅವನು ಇಲ್ಲಿ ಕೂತಿದ್ದೇ ಕಮ್ಮಿ. ಉಳಿ ಇಟ್ಟು ಮನೆಗೆ ಓಡೋನು, ಬರೋನು, ನಾಲ್ಕು ಪದರ ಮರ ತೆಗೆಯೋನು, ಮತ್ತೆ ಓಡೋನು. ಮೂರನೇ ರಟ್ಟು ಕೈಯಲ್ಲಿತ್ತು ಅವನಿಗೆ. ನಿಮಗೆ ಗೊತ್ತಿಲ್ವಾ?"

ಆಕೆಗೆ ಗೊತ್ತಿತ್ತು, ಗೊತ್ತಿದ್ದದ್ದು ಬೇರೆಯಾಗಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಕೆಲವು ದಿನ ಗಂಡ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬರುತ್ತಿದ್ದರು. ಆಕೆ ಕಾಳು ಆರಿಸುತ್ತಲೋ ಬಟ್ಟೆ ಮಡಿಸುತ್ತಲೋ ಕುಳಿತಿದ್ದರೆ ಎದುರು ಕುಳಿತು, ಕಾಲನ್ನು ಮಡಿಲಿಗೆ ಎಳೆದುಕೊಂಡು, ಮಾತಿಲ್ಲದೆ ನೀವುತ್ತಿದ್ದರು. ಹೆಬ್ಬೆರಳು ಆ ಎಲುಬಿನ ಕೆಳಗೆ ಬಂದು ನಿಂತು, ಅಲ್ಲಿಂದ ಹಳ್ಳಕ್ಕೆ ಇಳಿದು, ಮತ್ತೆ ಹಿಮ್ಮಡಿಗೆ ಏರುತ್ತಿತ್ತು. ಆಮೇಲೆ ಎದ್ದು ಹೋಗುತ್ತಿದ್ದರು. ಊರಲ್ಲಿ ಯಾರ ಗಂಡ ಹೀಗೆ ಕೆಲಸ ಬಿಟ್ಟು ಬರುತ್ತಾನೆ ಎಂದು ಆಕೆ ಒಳಗೊಳಗೇ ಹಿಗ್ಗುತ್ತಿದ್ದಳು. ನಲವತ್ತಾರು ವರ್ಷದ ದಾಂಪತ್ಯದಲ್ಲಿ ಆಕೆ ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದದ್ದು ಅದೊಂದು ಹೆಮ್ಮೆ.

"ಅಳತೆಗೆ ಬರ್ತಿದ್ದರಾ?" ಎಂದಳು.

ಮೌನಿ ತಾನು ಆಡಿದ್ದು ಎಲ್ಲಿ ಹೋಗಿ ತಾಕಿತೆಂದು ಕಂಡುಕೊಂಡ. ಬೂಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಹೇಳಿದ: "ಅಳತೆಗೆ ದಿನಕ್ಕೆ ಒಂದು ಸಲ ಸಾಕಾಗ್ತಿತ್ತು ಅತ್ತಿಗೆ. ಅವನು ನಾಲ್ಕು ಸಲ ಹೋಗೋನು. ನಾವೆಲ್ಲ ಆಡಿಕೊಂಡು ನಗ್ತಿದ್ವಿ."

ಒಳ್ಳೆಯ ಮಾತೇ. ಆದರೆ ಆಗಿನ್ನೂ ಅದು ಆಕೆಯ ಮನಸ್ಸಿಗೆ ಇಳಿಯಲಿಲ್ಲ.

ಎರಡು ದಿನ ಆಕೆ ಮನೆಯಿಂದ ಹೊರಬೀಳಲಿಲ್ಲ. ಕಾಲಿಗೆ ಔಷಧಿ ಹಚ್ಚಿಕೊಂಡು ಕಿಟಕಿಯ ಬಳಿ ಕುಳಿತಳು. ಪ್ರಾರ್ಥನೆಗೆ ಕೂತರೆ ಮಾತು ಬಾಯಿಗೆ ಬರಲಿಲ್ಲ. ಸುಮ್ಮನೆ ಕೂತು ಎದ್ದಳು. ಮೊದಲು ಗಂಡನ ಮೇಲೆ ಸಿಟ್ಟು ಬಂತು. ಆಮೇಲೆ, ಅಚ್ಚನ್ನು ಶಾಲಿನಲ್ಲಿ ಸುತ್ತಿ ಕಳಿಸಿದ ತನ್ನ ಕೈಗಳ ಮೇಲೆ. ಎರಡನೆಯ ದಿನ ಸಂಜೆ, ಯೋಚಿಸುತ್ತಿದ್ದಂತೆ, ಇನ್ನೊಂದು ಅರಿವಿಗೆ ಬಂತು: ಆ ಅಂಗೈ ಬಲ್ಲದ್ದನ್ನು ಈಗ ಬಲ್ಲವರು ಭೂಮಿಯ ಮೇಲೆ ತಾನೊಬ್ಬಳೇ. ತಾನು ಅದನ್ನು ಯಾರಿಗೂ ಕೊಡದೆ ಇಟ್ಟುಕೊಂಡರೆ ಆ ಮಂಚಕ್ಕೆ ಹೋಗಿ ಮಲಗಬೇಕು. ಕೊಟ್ಟರೆ, ಅವರಿಬ್ಬರ ನಡುವೆ ಮಾತ್ರ ಇದ್ದದ್ದು ಇನ್ನು ಹಾಗೆ ಇರುವುದಿಲ್ಲ. ದೇವರು ಯಾವುದಾದರೂ ಒಂದನ್ನು ಆರಿಸು ಎನ್ನುತ್ತಾನೆ, ಎರಡನ್ನೂ ಕೊಡುವುದಿಲ್ಲ ಎಂದು ಆಕೆ ಬಹಳ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ ಮೆಣಸಿಗೆ ಫೋನು ಮಾಡಿ, "ರಜೆಯ ದಿನ ಬಾ. ಮನೆಗೇ ಬಾ" ಎಂದಳು.

ಮೆಣಸು ಬೆಳಿಗ್ಗೆಯೇ ಬಂದಳು, ಬಗಲಲ್ಲಿ ಕಂಪ್ಯೂಟರು, ಕೈಯಲ್ಲಿ ಕಾಗದ, ಅಳತೆಪಟ್ಟಿ, ಬಗ್ಗಿಸಿದರೆ ಬಗ್ಗಿದ ಹಾಗೇ ನಿಲ್ಲುವ ಸೀಸದ ತಂತಿಯ ಸುರುಳಿ. ಆಕೆ ಕಿಟಕಿಯ ಬಳಿ ಕುಳಿತು, ಕಾಲುಚೀಲದ ಅಂಚಿಗೆ ಬೆರಳು ಹಾಕಿ, ಹಾಗೆಯೇ ಕೂತಳು. ಮೆಣಸು ಅವಸರ ಮಾಡಲಿಲ್ಲ. ಕೊನೆಗೆ ಆಕೆ ಕಣ್ಣುಮುಚ್ಚಿ ಚೀಲವನ್ನು ಎಳೆದಳು.

ಕಣ್ಣು ತೆರೆದಾಗ ಮೆಣಸು ನೋಡುತ್ತಿದ್ದಳು. ಅತ್ತ ಮುಖ ತಿರುಗಿಸಬೇಕೆಂದು ಅವಳಿಗೆ ಹೇಳಿಕೊಟ್ಟವರು ಯಾರು? ನೆಟ್ಟ ನೋಟದಿಂದ, ಹುಬ್ಬು ಗಂಟಿಕ್ಕಿ, ಕಷ್ಟದ ನಕ್ಷೆಯನ್ನು ನೋಡುವ ಹಾಗೆ ನೋಡುತ್ತಿದ್ದಳು. ಅಣಕವಿರಲಿಲ್ಲ, ಕನಿಕರವೂ ಇರಲಿಲ್ಲ. ಆಕೆಗೆ ಕಾಲನ್ನು ಎಳೆದುಕೊಳ್ಳಬೇಕೆನ್ನಿಸಿತು. ಎಳೆದುಕೊಳ್ಳಲಿಲ್ಲ.

"ನನ್ನ ಕೈ ತಣ್ಣಗಿದೆ ಅತ್ತೆ, ಬೈಬೇಡಿ."

ಮೆಣಸು ಪಾದಕ್ಕೆ ಅಡ್ಡಲಾಗಿ ತಂತಿಯನ್ನು ಒತ್ತಿ, ಬಗ್ಗಿಸಿ, ಮೆಲ್ಲಗೆ ಬಿಡಿಸಿ, ಕಾಗದದ ಮೇಲಿಟ್ಟು ಅದರ ಅಂಚಿನಲ್ಲಿ ಗೆರೆ ಎಳೆದಳು. ಒಂದು ಅಡ್ಡಕೊಯ್ತವಾಯಿತು. ಎರಡು ಬೆರಳಿನಷ್ಟು ಹಿಂದೆ ಸರಿದು ಇನ್ನೊಂದು. ಹಾಗೆ ಏಳು. ಪ್ರತಿ ಗೆರೆಯೂ ಬೇರೆ ಬೇರೆ, ಯಾವುದೂ ದುಂಡಗಿರಲಿಲ್ಲ. ಮಾವನ ರಟ್ಟನ್ನು ಪಕ್ಕದಲ್ಲಿ ಹಿಡಿದು ನೋಡಿ ಮೆಣಸು ಪೆನ್ಸಿಲ್ ಕೆಳಗಿಟ್ಟಳು.

"ಹಿಮ್ಮಡಿ ಹತ್ತಿರ ಈ ರಟ್ಟಿಗಿಂತ ಕಾಲು ಕಿರಿದಾಗಿದೆ ಅತ್ತೆ. ಇಲ್ಲೂ ಇಳಿದಿದೆ. ವಯಸ್ಸಾದ ಮೇಲೆ ಹಾಗಾಗುತ್ತಂತೆ."

"ಅಂದ್ರೆ ಅವರು ಮಾಡಿದ ಅಚ್ಚು ಇದ್ದಿದ್ರೂ..."

"ಕಚ್ಚೋದು. ಹೊಸದೇ ಬೇಕಾಗಿತ್ತು."

ಅಚ್ಚನ್ನು ಮಣ್ಣಿಗೆ ಕಳಿಸಿದ್ದಕ್ಕೆ ಆಕೆ ಹೊತ್ತುಕೊಂಡಿದ್ದ ತಪ್ಪೊಂದು ಕೆಳಗಿಳಿಯಿತು. ಹಗುರವಾಗಬೇಕಿತ್ತು, ಆಗಲಿಲ್ಲ. ಅವರು ಬಲ್ಲ ಕಾಲು ಈಗ ಆಕೆಗೂ ಇರಲಿಲ್ಲ.

"ಇಲ್ಲಿ ಒತ್ತಿದ್ರೆ ನೋಯುತ್ತಾ?" ಎಂದಳು ಮೆಣಸು.

ಆಕೆ ಉತ್ತರ ಹುಡುಕಿದಳು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗಂಡನಿಗೆ ಕೇಳಬೇಕಾಗಿರಲಿಲ್ಲ, ಆಕೆ ಉಸಿರು ಹಿಡಿದರೆ ಅವರ ಹೆಬ್ಬೆರಳು ತಾನೇ ಸರಿಯುತ್ತಿತ್ತು. "ಅಲ್ಲಲ್ಲ," ಎಂದಳು. "ಸ್ವಲ್ಪ ಈಚೆ. ಹಾಂ. ಅಲ್ಲಿ ಬೆಳಿಗ್ಗೆ ಹೊತ್ತು ನೋಯಲ್ಲ, ನಡೆದ ಮೇಲೆ ನೋಯುತ್ತೆ." ಹೇಳುತ್ತ ಹೋದಂತೆ ಹೇಳುವುದು ಬಹಳವಿದೆ ಎಂದು ತಿಳಿಯಿತು. ಚಳಿಗಾಲದಲ್ಲಿ ಎಲ್ಲಿ, ಮೆಟ್ಟಿಲು ಇಳಿಯುವಾಗ ಎಲ್ಲಿ, ಯಾವ ಬೆರಳು ಯಾವುದನ್ನು ತುಳಿಯುತ್ತದೆ. ಮೆಣಸು ಒಂದೊಂದನ್ನೂ ಗೆರೆಯ ಪಕ್ಕದಲ್ಲಿ ಬರೆದುಕೊಂಡಳು. ಹೇಳುವಾಗಲೆಲ್ಲ ಆಕೆಗೆ ಗಂಡನ ಕೈ ಆ ಜಾಗದಿಂದ ಒಂದೊಂದೇ ಬೆರಳು ಬಿಡಿಸಿಕೊಂಡು ಹೋದಂತೆ ಅನ್ನಿಸಿತು.

ಹೊರಗೆ ಸೈಕಲ್ಲಿನ ಸದ್ದಾಯಿತು. ಚಿಲಕ ಹಾಕಿರಲಿಲ್ಲ, ಆದರೂ ಮೌನಿ ಬಾಗಿಲಾಚೆಯೇ ನಿಂತು ಕೆಮ್ಮಿದ.

"ಅಳತೆ ಮುಗಿಯಿತಾ? ಒಳಗೆ ಬರಬಹುದಾ, ಇಲ್ಲಾ ಇಲ್ಲೇ ನಿಂತು ಮುದುಕನಾಗಲಾ?"

"ಒಂದು ನಿಮಿಷ ಮೌನಿಯಣ್ಣ," ಎಂದು ಮೆಣಸು ಕಾಲುಚೀಲವನ್ನು ಎತ್ತಿ ಅತ್ತೆಯ ಕಡೆ ಹಿಡಿದಳು.

ಆಕೆ ಅದನ್ನು ಕೈಗೆ ತೆಗೆದುಕೊಂಡಳು. ಹೊಲಿಯುವವನು ಅವನು. ಎಲ್ಲಿ ಚರ್ಮ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ಕಾಗದ ನೋಡಿ ತಿಳಿಯುವವನಲ್ಲ. ಆಕೆ ಚೀಲವನ್ನು ಮಡಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಬಾ ಒಳಗೆ," ಎಂದಳು.

ಮೌನಿ ಬಂದ. ಹೊಸ್ತಿಲಿನಲ್ಲಿ ಕಾಲನ್ನು ಕಂಡು, ತಟ್ಟನೆ ಮುಖ ತಿರುಗಿಸಿದ.

"ಈ ಕಡೆ ನೋಡು," ಎಂದಳು ಆಕೆ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಕಾಲನ್ನು ಬೆಳಕಿಗೆ ಚಾಚಿದಳು. "ಕೂತ್ಕೋ. ಈ ಎಲುಬಿನ ಕೆಳಗೆ ಒಂದು ಹಳ್ಳ ಇದೆ, ನೋಡಿದ್ರೆ ಕಾಣಲ್ಲ. ಕೈಯಿಟ್ಟು ನೋಡು."